ತುಕ್ಕು ಹಿಡಿದ ವಾಹನದ ಬಾಗಿಲು: ವೆಲ್ಡಿಂಗ್ ಇಲ್ಲದೆ ಮನೆಯಲ್ಲೇ ದುರಸ್ತಿ

ಮಳೆಗಾಲ ಕಳೆದು, ಅಡಿಕೆ ಕೊಯ್ಲಿಗೆಂದು ಜೀಪನ್ನೋ ಪಿಕಪ್ಪನ್ನೋ ಕೊಟ್ಟಿಗೆಯಿಂದ ಹೊರತೆಗೆದು ತೊಳೆಯುವಾಗ ಬಾಗಿಲಿನ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆಯೆದ್ದಿರುವುದು ಕಣ್ಣಿಗೆ ಬೀಳುತ್ತದೆ. ಉಗುರಿನಿಂದ ಒತ್ತಿದರೆ ಗುಳ್ಳೆ ಒಡೆದು ಕಂದು ಬಣ್ಣದ ಪುಡಿ ಉದುರುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಸ್ವಲ್ಪ ಕೆದಕಿದರೆ ತಗಡಿನ ಬದಲು ತೂತೇ ಕಾಣುತ್ತದೆ. ಮಲೆನಾಡು ಮತ್ತು ಕರಾವಳಿಯ ರೈತರಿಗೆ ಇದು ಹೊಸದಲ್ಲ. ಹಳೆಯ ಜೀಪುಗಳಿಗಷ್ಟೇ ಬರುವ ಕಾಯಿಲೆಯೂ ಇದಲ್ಲ. 2000ದಲ್ಲಿ ಬಂದ ಬೊಲೆರೊ, 2005ರಲ್ಲಿ ಬಂದ ಏಸ್ ಮುಂತಾದ ಗಾಡಿಗಳಲ್ಲಿಯೂ ಹತ್ತು ಹದಿನೈದು ಮಳೆಗಾಲ ಕಂಡವುಗಳ ಬಾಗಿಲು ಇದೇ ಸ್ಥಿತಿಗೆ ಬಂದಿರುತ್ತದೆ.

ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ಎರಡು ದಾರಿ ಹಿಡಿಯುವುದುಂಟು. ಒಂದು, ಪೇಟೆಯ ಟಿಂಕರಿಂಗ್ ಅಂಗಡಿಗೆ ಗಾಡಿ ಒಯ್ದು ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸುವುದು. ಕೆಲಸ ಗಟ್ಟಿ, ಆದರೆ ಖರ್ಚು ಹೆಚ್ಚು, ಕೊಯ್ಲಿನ ದಿನಗಳಲ್ಲಿ ಗಾಡಿ ವಾರಗಟ್ಟಲೆ ಅಂಗಡಿಯಲ್ಲಿ ನಿಲ್ಲುತ್ತದೆ. ಇನ್ನೊಂದು, ತೂತಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು. ಇದು ನೋಟಕ್ಕೆ ಚೆನ್ನ. ಮುಂದಿನ ಆಷಾಢದ ಹೊತ್ತಿಗೆ ಪುಟ್ಟಿ ಹಪ್ಪಳದಂತೆ ಎದ್ದುಬರುತ್ತದೆ. ಇವೆರಡರ ನಡುವೆ, ರೈತರು ತಮ್ಮ ಮನೆಯಂಗಳದಲ್ಲೇ ಎರಡು ಮೂರು ದಿನಗಳಲ್ಲಿ ಮಾಡಬಹುದಾದ ಮೂರನೆಯ ದಾರಿಯೊಂದಿದೆ. ಕೊಳೆತ ತಗಡನ್ನು ತೆಗೆದು, ಹೊಸ ತಗಡನ್ನಾಗಲಿ ಗಾಜಿನ ನಾರಿನ ತೇಪೆಯನ್ನಾಗಲಿ ಎಪಾಕ್ಸಿ ಅಂಟು ಮತ್ತು ರಿವೆಟ್‌ಗಳಿಂದ ಕೂಡಿಸುವುದೇ ಈ ವಿಧಾನ. ಆದರೆ ಬಾಗಿಲಿನೊಳಗೆ ನೀರು ನಿಲ್ಲುವ ಕಾರಣವನ್ನು ನಿವಾರಿಸದೆ ಹಾಕಿದ ತೇಪೆ, ಅದು ವೆಲ್ಡಿಂಗಿನದೇ ಆಗಿರಲಿ, ಬಾಳುವುದಿಲ್ಲ. ಆದುದರಿಂದ ದುರಸ್ತಿಗೆ ಕೈ ಹಾಕುವ ಮೊದಲು ತುಕ್ಕು ಎಲ್ಲಿಂದ ಬಂತು ಎಂಬುದನ್ನು ತಿಳಿದುಕೊಳ್ಳುವುದು ಅವಶ್ಯ.

ತುಕ್ಕು ಒಳಗಿನಿಂದ ಹೊರಕ್ಕೆ

ವಾಹನದ ಬಾಗಿಲು ಒಂದೇ ತಗಡಿನದಲ್ಲ. ಒಳಗೆ ಚೌಕಟ್ಟಿನಂಥ ಒಂದು ತಗಡು, ಹೊರಗೆ ಸುಮಾರು ಮುಕ್ಕಾಲು ಮಿ.ಮೀ. ದಪ್ಪದ ಇನ್ನೊಂದು ತಗಡು. ಹೊರತಗಡಿನ ಅಂಚನ್ನು ಒಳತಗಡಿನ ಮೇಲೆ ಮಡಿಚಿ, ಬಟ್ಟೆಯ ಅಂಚು ಹೊಲಿದಂತೆ ಕೂಡಿಸಿರುತ್ತಾರೆ. ಎರಡರ ನಡುವಿನ ಪೊಳ್ಳಿನಲ್ಲಿ ಗಾಜು ಇಳಿಯುತ್ತದೆ.

ಗಾಜಿನ ಬುಡದಲ್ಲಿರುವ ರಬ್ಬರ್ ಪಟ್ಟಿ ಮಳೆನೀರನ್ನು ಪೂರ್ತಿ ತಡೆಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಇದು ಸರಿಯಲ್ಲ. ಪ್ರತಿ ಮಳೆಯಲ್ಲೂ ಗಾಜಿನ ಮೇಲಿನಿಂದ ಒಂದಿಷ್ಟು ನೀರು ಬಾಗಿಲಿನೊಳಕ್ಕೆ ಇಳಿದೇ ಇಳಿಯುತ್ತದೆ. ತಯಾರಕರಿಗೂ ಇದು ಗೊತ್ತಿರುವುದರಿಂದಲೇ ಬಾಗಿಲಿನ ತಳದಲ್ಲಿ ಎರಡು ಮೂರು ಸಣ್ಣ ರಂಧ್ರಗಳನ್ನು ಬಿಟ್ಟಿರುತ್ತಾರೆ. ಇಳಿದ ನೀರು ಅಲ್ಲಿಂದ ಹೊರಹೋಗಬೇಕು. ಹಳ್ಳಿಯ ಮಣ್ಣುರಸ್ತೆಯ ಧೂಳು, ಅಡಿಕೆ ಸಿಪ್ಪೆಯ ನಾರು, ಒಣಗಿದ ಎಲೆಯ ಪುಡಿ, ಕೆಲವೊಮ್ಮೆ ಕಣಜದ ಹುಳು ಕಟ್ಟಿದ ಮಣ್ಣಿನ ಗೂಡು ಈ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಅಡಿಭಾಗಕ್ಕೆ ಡಾಂಬರಿನಂಥ ಕಪ್ಪು ಲೇಪ ಹೊಡೆಸುವಾಗ ಅಜಾಗ್ರತೆಯಿಂದ ರಂಧ್ರ ಮುಚ್ಚಿಹೋಗುವುದೂ ಉಂಟು. ಆಗ ಬಾಗಿಲಿನ ತಳ ಸಣ್ಣ ತೊಟ್ಟಿಯಾಗುತ್ತದೆ. ಮಳೆ ನಿಂತ ಮೇಲೂ ಒಳಗಿನ ಒದ್ದೆ ಮಣ್ಣು ವಾರಗಟ್ಟಲೆ ತೇವ ಹಿಡಿದಿಟ್ಟುಕೊಂಡು ತಗಡನ್ನು ತಿನ್ನುತ್ತದೆ.

ಕಬ್ಬಿಣ, ನೀರು ಮತ್ತು ಗಾಳಿಯಲ್ಲಿನ ಆಮ್ಲಜನಕ ಸೇರಿ ತುಕ್ಕಾಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಮಡಿಕೆಯೊಳಗೆ ಬೆಳೆದ ತುಕ್ಕು ಎರಡು ತಗಡುಗಳನ್ನು ಬೆಣೆ ಹೊಡೆದಂತೆ ಬಿಡಿಸುತ್ತದೆ. ಅಷ್ಟರಲ್ಲಿ ಇನ್ನಷ್ಟು ನೀರಿಗೆ ದಾರಿಯಾಗುತ್ತದೆ. ಹೊರಗೆ ಬಣ್ಣದ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಬಹುಪಾಲು ಹೋಗಿರುತ್ತದೆ. ಹೊರಗಿನ ಗುಳ್ಳೆ ರೂಪಾಯಿಯಗಲ ಇದ್ದರೆ ಒಳಗಿನ ಕೊಳೆತ ಅಂಗೈಯಗಲ ಇರಬಹುದೆಂದೇ ಭಾವಿಸಿ ಕೆಲಸಕ್ಕಿಳಿಯುವುದು ಒಳ್ಳೆಯದು.

ಗೊಬ್ಬರ, ಉಪ್ಪು ಮತ್ತು ಮೈಲುತುತ್ತ

ಬೇಸಾಯದ ವಾಹನಕ್ಕೆ ಪೇಟೆಯ ವಾಹನಕ್ಕಿಲ್ಲದ ಶತ್ರುಗಳಿವೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಷಿಯಂ ಕ್ಲೋರೈಡ್. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕ್ಲೋರೈಡೇ. ತುಕ್ಕಿನ ವಿಷಯದಲ್ಲಿ ಇದು ಅಡಿಗೆ ಉಪ್ಪಿಗೆ ಅಣ್ಣತಮ್ಮ. ಹರಿದ ಚೀಲದಿಂದ ಉದುರಿದ ಹರಳು ಬಾಗಿಲಿನ ಸಂದಿಗೆ ಸೇರಿ, ಗಾಳಿಯ ತೇವಕ್ಕೆ ಕರಗಿ, ತಗಡನ್ನು ಬಹಳ ಬೇಗ ಕೊರೆಯುತ್ತದೆ. ಅಮೋನಿಯಂ ಸಲ್ಫೇಟ್ ಕೂಡ ಒದ್ದೆಯಾದಾಗ ಕಬ್ಬಿಣಕ್ಕೆ ಹಾನಿಕರ. ಕರಾವಳಿಯಲ್ಲಿ ಸಮುದ್ರದ ಗಾಳಿಯೇ ಉಪ್ಪನ್ನು ತರುತ್ತದೆ. ಅದರ ಮೇಲೆ ತೋಟಕ್ಕೆ ಮೀನುಗೊಬ್ಬರ ಅಥವಾ ಸಂತೆಗೆ ಮೀನಿನ ಪೆಟ್ಟಿಗೆ ಸಾಗಿಸಿದ ಗಾಡಿಯಾದರೆ ಹೇಳುವುದೇ ಬೇಡ.

ಅಡಿಕೆ ಬೆಳೆಗಾರರು ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಹೊಳಪಿನ ಕತ್ತಿಯನ್ನೋ ಚಾಕುವನ್ನೋ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ವಾಹನದ ಬಾಗಿಲಿನ ಮೇಲೆ ಚೆಲ್ಲಿದ ಮೈಲುತುತ್ತದ ನೀರೂ ಇದೇ ಕೆಲಸ ಮಾಡುತ್ತದೆ. ತಾಮ್ರ ತಗಡಿನ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ. ಕೂತ ತಾಮ್ರದ ಸುತ್ತ ಮುಂದೆಯೂ ತುಕ್ಕು ವೇಗವಾಗಿ ಹಬ್ಬುತ್ತದೆ. ಔಷಧಿ ಹೊಡೆಯುವ ದಿನಗಳಲ್ಲಿ ಮೈಲುತುತ್ತದ ಪೊಟ್ಟಣ, ದ್ರಾವಣದ ಕ್ಯಾನು, ಒದ್ದೆ ಪೈಪುಗಳನ್ನು ಆಸನದ ಪಕ್ಕದಲ್ಲಿಟ್ಟು ಸಾಗಿಸುವ ಅಭ್ಯಾಸ ಬಿಡಬೇಕು. ಚೆಲ್ಲಿದರೆ ಅಂದೇ ಸಂಜೆ ಧಾರಾಳ ನೀರಿನಿಂದ ತೊಳೆಯಬೇಕು.

ಯಾವುದನ್ನು ಮನೆಯಲ್ಲಿ ಮಾಡಬಹುದು, ಯಾವುದನ್ನು ಕೂಡದು

ಮೊದಲು ಬಾಗಿಲನ್ನು ಪರೀಕ್ಷಿಸಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ತಟ್ಟುತ್ತ ಬಂದರೆ ಗಟ್ಟಿ ಇರುವಲ್ಲಿ ಕಂಚಿನಂಥ ದನಿ, ಕೊಳೆತಲ್ಲಿ ಮಂಕು ದನಿ ಬರುತ್ತದೆ. ಹಿಂದೆ ಯಾರೋ ಪುಟ್ಟಿ ಮೆತ್ತಿದ್ದಾರೆಯೇ ಎಂದು ತಿಳಿಯಲು ತೆಳು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವೊಂದು ಸಾಕು. ಹಳೆಯ ಸ್ಪೀಕರಿನ ಅಯಸ್ಕಾಂತವೂ ಆದೀತು. ತಗಡಿನ ಮೇಲೆ ಅದು ಬಲವಾಗಿ ಹಿಡಿಯುತ್ತದೆ. ದಪ್ಪ ಪುಟ್ಟಿಯ ಮೇಲೆ ಜಾರಿ ಬೀಳುತ್ತದೆ. ಈ ಪರೀಕ್ಷೆ ಹಳೆಯ ಗಾಡಿ ಕೊಳ್ಳುವವರಿಗೂ ಬಹಳ ಉಪಯುಕ್ತ. ಹೊಸ ಬಣ್ಣ ಬಳಿದು ಮಾರಾಟಕ್ಕಿಟ್ಟ ಜೀಪಿನ ಬಾಗಿಲು, ಮೆಟ್ಟಿಲಿನ ಕೆಳಗಿನ ಪಟ್ಟಿ ಮತ್ತು ಚಕ್ರದ ಮೇಲಿನ ಕಮಾನಿಗೆ ಅಯಸ್ಕಾಂತ ಹಿಡಿದು ನೋಡದೆ ಮುಂಗಡ ಕೊಡಬಾರದು.

ಅಂಟು ಮತ್ತು ರಿವೆಟ್ಟಿನ ದುರಸ್ತಿ ಹೊರತಗಡಿಗೆ ಮತ್ತು ಕೆಳ ಮಡಿಕೆಗೆ ಮಾತ್ರ ಸರಿ. ಬಿಜಾಗರಿ ಕೂತಿರುವ ಜಾಗ, ಬೀಗದ ಸುತ್ತಲಿನ ತಗಡು, ಬಾಗಿಲು ಬಡಿದು ಕೂರುವ ಕಂಬ, ಸೀಟ್ ಬೆಲ್ಟಿನ ಬೋಲ್ಟು ಇರುವ ಸ್ಥಳ, ಚಾಸಿ ಇವು ಕೊಳೆತಿದ್ದರೆ ಮನೆಯ ದುರಸ್ತಿಯ ಮಾತೇ ಬೇಡ. ಓಡುವ ಗಾಡಿಯಲ್ಲಿ ಬಾಗಿಲು ತೆರೆದುಕೊಂಡರೆ ಒಳಗೆ ಕೂತವರ ಜೀವಕ್ಕೇ ಸಂಚಕಾರ. ಆ ಕೆಲಸವನ್ನು ಬಲ್ಲ ಟಿಂಕರರಿಂದ ವೆಲ್ಡಿಂಗ್ ಮಾಡಿಸಿಯೇ ತೀರಬೇಕು. ಬಾಗಿಲನ್ನು ಅರ್ಧ ತೆರೆದು ಅದರ ಹಿಂತುದಿಯನ್ನು ಕೈಯಿಂದ ಮೇಲೆತ್ತಿ ನೋಡಿದಾಗ ಬಿಜಾಗರಿಯ ಬಳಿ ತಗಡು ಬಾಗುವುದು ಕಂಡರೆ ಅದು ಕೊಳೆತಿದೆಯೆಂದೇ ತಿಳಿಯಬೇಕು. ಬಾಗಿಲಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹಾಳಾಗಿದ್ದರೆ ಗುಜರಿಯಲ್ಲಿ ಅದೇ ಮಾದರಿಯ ಗಟ್ಟಿ ಬಾಗಿಲೊಂದನ್ನು ಹುಡುಕಿ ಕೊಳ್ಳುವುದೇ ಮೇಲು.

ಅಂಟಿನ ಕೆಲಸ ಬಡವರ ಉಪಾಯ ಮಾತ್ರ ಎಂದು ತಾತ್ಸಾರ ಮಾಡಬೇಕಾಗಿಲ್ಲ. ವೆಲ್ಡಿಂಗಿನ ಕಾವಿಗೆ ತೆಳು ತಗಡು ಸೊಟ್ಟಗಾಗುತ್ತದೆ. ತಗಡಿನ ಹಿಂಬದಿಯ ಬಣ್ಣ ಸುಟ್ಟುಹೋಗಿ ಅಲ್ಲಿಂದಲೇ ಮತ್ತೆ ತುಕ್ಕು ಶುರುವಾಗುತ್ತದೆ. ರಬ್ಬರು, ತಂತಿಗಳಿಗೆ ಬೆಂಕಿ ತಗಲುವ ಅಪಾಯವೂ ಇದೆ. ಕಾರ್ಖಾನೆಗಳಲ್ಲಿಯೂ ಬಾಗಿಲಿನ ಮಡಿಕೆಯನ್ನು ಅಂಟು ಹಾಕಿ ಕೂಡಿಸುವ ಪದ್ಧತಿ ಇದೆ. ಅಂಟು ಹಿಡಿಯುವುದು ಶುದ್ಧವಾದ, ಒಣಗಿದ ಲೋಹವನ್ನು ಮಾತ್ರ ಎಂಬುದೊಂದೇ ಷರತ್ತು.

ಕಾಲ ಮತ್ತು ಸಾಮಗ್ರಿ

ಫೆಬ್ರವರಿಯಿಂದ ಮೇ ತಿಂಗಳ ಮೊದಲ ಭಾಗದವರೆಗಿನ ಒಣ ದಿನಗಳು ಈ ಕೆಲಸಕ್ಕೆ ಪ್ರಶಸ್ತ. ಮಳೆಗಾಲದಲ್ಲಿ ಕೆರೆದ ತಗಡಿನ ಮೇಲೆ ಗಂಟೆಗಳಲ್ಲೇ ಹೊಸ ತುಕ್ಕಿನ ಛಾಯೆ ಬರುತ್ತದೆ, ಬಣ್ಣದಡಿ ತೇವ ಸಿಕ್ಕಿಹಾಕಿಕೊಳ್ಳುತ್ತದೆ. ರಾಯಚೂರು, ಕಲಬುರಗಿಯಂಥ ಬಿಸಿಲ ಜಿಲ್ಲೆಗಳಲ್ಲಿ ಇನ್ನೊಂದು ತೊಂದರೆ: ನಡುಹಗಲಿನಲ್ಲಿ ಕಲಸಿದ ರಾಳ ಹಚ್ಚುವಷ್ಟರಲ್ಲೇ ಡಬ್ಬಿಯಲ್ಲಿ ಕಲ್ಲಾಗುತ್ತದೆ. ಅಲ್ಲಿ ಬೆಳಗಿನ ಹೊತ್ತು, ನೆರಳಿನಲ್ಲಿ, ಸ್ವಲ್ಪ ಸ್ವಲ್ಪವೇ ಕಲಸಿ ಕೆಲಸ ಮಾಡಬೇಕು.

ತಂತಿ ಬ್ರಶ್, ಒರಟು ಮತ್ತು ನಯ ಎಮರಿ ಕಾಗದ, ಅರ, ತಗಡು ಕತ್ತರಿ, ಕೈ ಡ್ರಿಲ್, ರಿವೆಟ್ ಗನ್ನು, ಮರದ ಸುತ್ತಿಗೆ ಇಷ್ಟು ಉಪಕರಣ ಸಾಕು. ಇವುಗಳಲ್ಲಿ ಹೆಚ್ಚಿನವು ರೈತರ ಮನೆಯಲ್ಲೇ ಇರುತ್ತವೆ. ತೇಪೆಗೆ 22 ಗೇಜಿನ ಸತುವು ಲೇಪಿಸಿದ ಜಿ.ಐ. ತಗಡು ಉತ್ತಮ, ಅದರ ದಪ್ಪ ಸುಮಾರು 0.7 ಮಿ.ಮೀ., ಬಾಗಿಲಿನ ತಗಡಿಗೆ ಸರಿಹೊಂದುತ್ತದೆ. ಅಲ್ಯೂಮಿನಿಯಂ ತಗಡು ಹಗುರ, ತುಕ್ಕು ಹಿಡಿಯುವುದಿಲ್ಲ ಎಂದು ಅದನ್ನು ಹಾಕುವವರಿದ್ದಾರೆ. ಕಬ್ಬಿಣಕ್ಕೆ ತಾಗಿ ಕೂತ ಅಲ್ಯೂಮಿನಿಯಂ ಉಪ್ಪುನೀರಿನಲ್ಲಿ ತಾನೇ ಸವೆದು ಬಿಳಿ ಪುಡಿಯಾಗುತ್ತದೆ. ಇದೇ ಕಾರಣಕ್ಕೆ ಕರಾವಳಿಯಲ್ಲಿ ಅಲ್ಯೂಮಿನಿಯಂ ರಿವೆಟ್‌ಗಳ ಬದಲು ಉಕ್ಕಿನ ರಿವೆಟ್ ಬಳಸಬೇಕು.

ರಾಳದ ವಿಷಯದಲ್ಲಿ ಅಂಗಡಿಯವರು ಎರಡು ಬಗೆ ತೋರಿಸುತ್ತಾರೆ. ದೋಣಿ, ನೀರಿನ ತೊಟ್ಟಿ ಮಾಡುವ ಪಾಲಿಯೆಸ್ಟರ್ ರಾಳ ಅಗ್ಗ. ಅರಾಲ್ಡೈಟ್ ಮುಂತಾದ ಎಪಾಕ್ಸಿ ದುಬಾರಿ, ಆದರೆ ಕಬ್ಬಿಣವನ್ನು ಹಿಡಿಯುವುದರಲ್ಲಿ ಪಾಲಿಯೆಸ್ಟರಿಗಿಂತ ಬಹಳ ಮೇಲು; ಗಟ್ಟಿಯಾಗುವಾಗ ಕುಗ್ಗುವುದೂ ಕಡಿಮೆ. ಸದಾ ನೀರು ತಾಗುವ ಬಾಗಿಲಿನ ತಳಕ್ಕೆ ಎಪಾಕ್ಸಿಯನ್ನೇ ಬಳಸುವುದು ಉಚಿತ. ಗಾಜಿನ ನಾರನ್ನು ಕೊಳ್ಳುವಾಗಲೂ ಗಮನವಿರಲಿ. ಚೂರು ನಾರಿನ ಮ್ಯಾಟನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್ ರಾಳದಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಸರಿಯಾಗಿ ಕರಗುವುದಿಲ್ಲ. ಎಪಾಕ್ಸಿಗೆ ಬಟ್ಟೆಯಂತೆ ನೇಯ್ದ ಗಾಜಿನ ನಾರೇ ಆಗಬೇಕು.

ಎಚ್ಚರಿಕೆಯ ಮಾತೊಂದನ್ನು ಇಲ್ಲಿಯೇ ಹೇಳಬೇಕು. ಪಾಲಿಯೆಸ್ಟರ್ ರಾಳದ ಜೊತೆ ನೀರಿನಂತೆ ತಿಳಿಯಾದ ಹಾರ್ಡನರ್ ಮತ್ತು ಕೆಲವೆಡೆ ನೇರಳೆ ಬಣ್ಣದ ಕೊಬಾಲ್ಟ್ ದ್ರಾವಣ ಕೊಡುತ್ತಾರೆ. ಇವೆರಡನ್ನು ಒಂದಕ್ಕೊಂದು ನೇರವಾಗಿ ಎಂದೂ ಬೆರೆಸಕೂಡದು. ಬೆರೆಸಿದರೆ ಸಿಡಿದು ಬೆಂಕಿ ಹೊತ್ತಿಕೊಳ್ಳುತ್ತದೆ. ಮೊದಲು ಕೊಬಾಲ್ಟನ್ನು ರಾಳದಲ್ಲಿ ಚೆನ್ನಾಗಿ ಕಲಸಿ, ಅನಂತರವೇ ಹಾರ್ಡನರ್ ಸೇರಿಸಬೇಕು. ಕೊಬಾಲ್ಟ್ ಮೊದಲೇ ಬೆರೆಸಿದ ರಾಳವನ್ನು ಕೇಳಿ ಕೊಳ್ಳುವುದು ಇನ್ನೂ ಕ್ಷೇಮ. ಹಾರ್ಡನರಿನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು. ಕನ್ನಡಕ, ರಬ್ಬರ್ ಕೈಗವಸು ಇಲ್ಲದೆ ಮುಟ್ಟಬಾರದು. ಬಿದ್ದರೆ ಕೂಡಲೇ ಕಾಲು ಗಂಟೆ ಕಾಲ ಹರಿಯುವ ನೀರಿನಲ್ಲಿ ಕಣ್ಣು ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಮಕ್ಕಳ ಕೈಗೆ ಸಿಗದಂತೆ ಇಡುವುದನ್ನು ಬೇರೆ ಹೇಳಬೇಕಾಗಿಲ್ಲ.

ಬಾಗಿಲನ್ನು ಬಿಚ್ಚಿ ತುಕ್ಕು ತೆಗೆಯುವುದು

ಗಾಜನ್ನು ಪೂರ್ತಿ ಮೇಲಕ್ಕೇರಿಸಬೇಕು. ಇಳಿಸಿಟ್ಟರೆ ಡ್ರಿಲ್ಲಿನ ತುದಿ ಗಾಜಿಗೆ ತಾಗುತ್ತದೆ. ವಿದ್ಯುತ್ತಿನಿಂದ ಏರಿಳಿಯುವ ಗಾಜಿದ್ದರೆ ಅನಂತರ ಬ್ಯಾಟರಿಯ ಋಣ ತಂತಿ ಕಳಚಬೇಕು. ಬಾಗಿಲಿನ ಒಳಬದಿಯ ಹಲಗೆಯನ್ನೂ ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದರೆ ಒಳಗೆ ಕೈ ಹೋಗುವಷ್ಟು ಕಂಡಿಗಳು ಕಾಣುತ್ತವೆ. ಆ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ತೆಗೆದಿಟ್ಟುಕೊಳ್ಳಬೇಕು. ಹೊಸ ಮಾದರಿಯ ಅನೇಕ ಕಾರುಗಳ ಬಾಗಿಲಿನಲ್ಲಿ ಅಡ್ಡಲಾಗಿ ದಪ್ಪ ಉಕ್ಕಿನ ತೊಲೆ ಇರುತ್ತದೆ. ಪಕ್ಕದಿಂದ ಡಿಕ್ಕಿಯಾದಾಗ ಒಳಗಿನವರನ್ನು ಕಾಯುವುದು ಅದೇ. ಅದನ್ನು ಕೊರೆಯುವುದಾಗಲಿ ಕತ್ತರಿಸುವುದಾಗಲಿ ಸಲ್ಲದು.

ಒಳಗಿನ ಮಣ್ಣು ಕಸವನ್ನೆಲ್ಲ ತೆಗೆದು, ಹಿಡಿಸೂಡಿಯ ಕಡ್ಡಿಯಿಂದ ತಳದ ರಂಧ್ರಗಳನ್ನು ಬಿಡಿಸಬೇಕು. ಸೈಕಲ್ ಕಡ್ಡಿ ಅಥವಾ ತಂತಿಯಿಂದ ಚುಚ್ಚಿದರೆ ರಂಧ್ರದ ಅಂಚಿನ ಬಣ್ಣ ಕಿತ್ತುಬಂದು ಅಲ್ಲಿಯೇ ತುಕ್ಕು ಹಿಡಿಯುತ್ತದೆ. ಒಂದು ಚೊಂಬು ನೀರನ್ನು ಗಾಜಿನ ಬುಡದಲ್ಲಿ ಹೊಯ್ದು ನೋಡಬೇಕು. ಹೊಯ್ದ ನೀರು ತಡವಿಲ್ಲದೆ ಕೆಳಗಿನಿಂದ ಸುರಿದರೆ ದಾರಿ ಸರಿಯಾಗಿದೆಯೆಂದು ಅರ್ಥ. ಗೊಬ್ಬರ ಸಾಗಿಸಿದ ಗಾಡಿಯಾದರೆ ಉಪ್ಪಿನಂಶ ಹೋಗುವಂತೆ ಎರಡು ಮೂರು ಸಲ ಸಿಹಿನೀರಿನಿಂದ ತೊಳೆದು ಒಂದು ದಿನ ಬಿಸಿಲಿಗೆ ಒಣಗಲು ಬಿಡಬೇಕು.

ಅನಂತರ ಕೊಳೆತ ತಗಡನ್ನು ಕತ್ತರಿಸಬೇಕು. ಕೈ ಬಿಗಿ ಹಿಡಿಯಬಾರದು. ಹೊಳೆಯುವ ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸುತ್ತ ಹೋಗಬೇಕು. ಇಲ್ಲಿ ಉಳಿಸಿದ ಒಂದು ಬೆರಳಗಲದ ತುಕ್ಕು ಮುಂದಿನ ವರ್ಷದ ತೂತಾಗುತ್ತದೆ. ತುಕ್ಕು ತಗಡಿನ ಅಂಚು ಬ್ಲೇಡಿನಷ್ಟು ಹರಿತ. ದಪ್ಪ ಕೈಗವಸು ಹಾಕಿಕೊಳ್ಳಬೇಕು. ಗಾಯವಾದರೆ ಧನುರ್ವಾತದ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿಯಬೇಕು.

ಕತ್ತರಿಸಿದ ತೂತಿನ ಸುತ್ತ ಎರಡು ಅಂಗುಲ ಅಗಲಕ್ಕೆ ಬಣ್ಣ, ತುಕ್ಕು ಎರಡೂ ಹೋಗುವಂತೆ ತಂತಿ ಬ್ರಶ್ಶಿನಿಂದಲೂ ಒರಟು ಎಮರಿಯಿಂದಲೂ ಉಜ್ಜಬೇಕು. ಹೊಂಡಗಳಲ್ಲಿ ಉಳಿದ ಕಪ್ಪು ಚುಕ್ಕೆಗಳಿಗೆ ಅಂಗಡಿಯಲ್ಲಿ ಸಿಗುವ ತುಕ್ಕು ನಿವಾರಕ ದ್ರಾವಣ ಹಚ್ಚಬಹುದು. ಇವುಗಳಲ್ಲಿ ಕೆಲವು ರಂಜಕಾಮ್ಲದವು, ಕೆಲವು ಟ್ಯಾನಿನ್ ಇರುವಂಥವು. ಟ್ಯಾನಿನ್ನಿನ ಗುಣ ನಮ್ಮ ಹಿರಿಯರಿಗೆ ತಿಳಿದದ್ದೇ: ಅಳಲೆಕಾಯಿಯನ್ನೂ ಅನ್ನಭೇದಿಯನ್ನೂ ಸೇರಿಸಿ ಮಸಿ ಮಾಡುತ್ತಿದ್ದರಲ್ಲ, ಅದೇ ಕ್ರಿಯೆಯಿಂದ ತುಕ್ಕು ಕಪ್ಪಗಿನ ಗಟ್ಟಿ ಪದರವಾಗುತ್ತದೆ. ಹಾಗೆಂದು ಅಡಿಕೆ ಚೊಗರನ್ನೋ ಅಳಲೆಕಾಯಿ ಕಷಾಯವನ್ನೋ ಬಳಿದು ಮುಗಿಸುವುದು ಬೇಡ. ಅದರ ಸತ್ವದ ಪ್ರಮಾಣ ಒಂದೊಂದು ಸಲ ಒಂದೊಂದು ತೆರನಾಗಿರುತ್ತದೆ. ಆಮ್ಲ ಹಚ್ಚಿದ್ದರೆ ನೀರಿನಿಂದ ಚೆನ್ನಾಗಿ ತೊಳೆದು, ಕೂಡಲೇ ಒರೆಸಿ ಬಿಸಿಲಿಗೆ ಒಣಗಿಸಬೇಕು. ಆಮ್ಲ ಉಳಿದರೆ ರಾಳ ಸರಿಯಾಗಿ ಗಟ್ಟಿಯಾಗುವುದಿಲ್ಲ. ಅಂಟು ಹಚ್ಚುವ ಜಾಗವನ್ನು ಕೊನೆಗೊಮ್ಮೆ ಎಮರಿಯಿಂದ ಉಜ್ಜಿ, ಥಿನ್ನರ್ ಅದ್ದಿದ ಶುದ್ಧ ಬಟ್ಟೆಯಿಂದ ಒರೆಸಬೇಕು. ಆಮೇಲೆ ಬರಿಗೈಯಿಂದ ಮುಟ್ಟಕೂಡದು. ಕೈಯ ಬೆವರು, ಎಣ್ಣೆ ಅಂಟಿಗೆ ವಿರೋಧಿ.

ತೇಪೆ ಹಾಕುವ ಕ್ರಮ

ಸೂಜಿಮೊನೆಯಿಂದ ಕಡಲೆಕಾಳಿನಷ್ಟರ ತೂತುಗಳಿಗೆ ಎಂ-ಸೀಲಿನಂಥ ಎಪಾಕ್ಸಿ ಮುದ್ದೆಯನ್ನು ಒಳಗಿನಿಂದ ಒತ್ತಿದರೆ ಸಾಕು. ರೂಪಾಯಿಯಗಲದವರೆಗಿನ ತೂತಿಗೆ ನೇಯ್ದ ಗಾಜಿನ ನಾರಿನ ಮೂರು ತುಂಡು ಬೇಕು. ಮೊದಲನೆಯದು ತೂತಿಗಿಂತ ಸುತ್ತಲೂ ಒಂದು ಅಂಗುಲ ದೊಡ್ಡದು, ಮುಂದಿನವು ಸ್ವಲ್ಪ ಸ್ವಲ್ಪ ಹೆಚ್ಚು. ಬಾಗಿಲಿನ ಒಳಬದಿಯಿಂದ ಎಪಾಕ್ಸಿ ಬಳಿದು, ತುಂಡನ್ನು ಕೂರಿಸಿ, ನಾರಿನ ಬಿಳುಪು ಹೋಗಿ ಪಾರದರ್ಶಕವಾಗುವವರೆಗೆ ಗಿಡ್ಡ ಬ್ರಶ್ಶಿನಿಂದ ಕುಟ್ಟಬೇಕು. ಬಿಳಿ ಉಳಿದಲ್ಲಿ ಗಾಳಿ ಉಳಿದಿದೆಯೆಂದು ತಿಳಿಯಬೇಕು. ಅಲ್ಲಿ ನೀರು ಸೇರುತ್ತದೆ.

ಎಪಾಕ್ಸಿಯ ಎರಡು ಭಾಗಗಳನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಹಾಕಿದರೆ ಅಂಟು ಮೆತ್ತಗೇ ಉಳಿಯುತ್ತದೆ. ಪಾಲಿಯೆಸ್ಟರಿನ ಲೆಕ್ಕ ಬೇರೆ: 100 ಗ್ರಾಂ ರಾಳಕ್ಕೆ 1ರಿಂದ 2 ಗ್ರಾಂ ಹಾರ್ಡನರ್, ಸೆಕೆ ಹೆಚ್ಚಿದ್ದರೆ ಕಡಿಮೆ ಪ್ರಮಾಣ. ಈ ಎರಡರ ಕ್ರಮವನ್ನು ಅದಲುಬದಲು ಮಾಡುವುದರಿಂದಲೇ ಎಷ್ಟೋ ಕೆಲಸಗಳು ಕೆಡುತ್ತವೆ.

ಅಂಗೈಯಗಲದ ತೂತಿಗೆ ತಗಡೇ ಆಗಬೇಕು. ತೂತಿಗಿಂತ ಸುತ್ತಲೂ ಒಂದು ಅಂಗುಲ ದೊಡ್ಡದಾಗಿ ಜಿ.ಐ. ತಗಡನ್ನು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಬಾಗಿಲಿನ ಉಬ್ಬಿಗೆ ಸರಿಯಾಗಿ ಮೊಣಕಾಲಿನ ಮೇಲಿಟ್ಟು ಬಾಗಿಸಬೇಕು. ಹಳೆಯ ತಗಡಿನ ಅಂಚನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ಒಳಕ್ಕೆ ತಗ್ಗಿಸಿದರೆ ರಿವೆಟ್ಟಿನ ತಲೆಗಳು ಮೇಲೆದ್ದು ಕಾಣುವುದಿಲ್ಲ. ತೇಪೆಯನ್ನು ಹಿಂಬದಿಯಿಂದ ಹಿಡಿದು, ಸುಮಾರು 4 ಸೆಂ.ಮೀ.ಗೊಂದರಂತೆ ರಿವೆಟ್ಟಿನ ತೂತು ಕೊರೆದು, ಒಮ್ಮೆ ಬರಿದೇ ಕೂರಿಸಿ ನೋಡಬೇಕು. ಸರಿಹೊಂದಿದ ಮೇಲೆ ತೆಗೆದು, ತೂತುಗಳ ಜುಂಗನ್ನು ಅರದಿಂದ ಉಜ್ಜಿ, ಜಿ.ಐ. ತಗಡಿನ ಹೊಳಪು ಹೋಗುವಂತೆ ಎಮರಿ ಹಿಡಿದು, ಎರಡೂ ಅಂಚುಗಳಿಗೆ ಎಪಾಕ್ಸಿ ಬಳಿದು ರಿವೆಟ್ ಹೊಡೆಯಬೇಕು. ಸುತ್ತಲೂ ಅಂಟು ಒಂದಿಷ್ಟು ಹೊರಸೂಸಬೇಕು. ಸೂಸದಿದ್ದಲ್ಲಿ ಅಂಟು ಸಾಲದೆಂದು ಅರ್ಥ. ಇಲ್ಲಿ ನೀರು ತಡೆಯುವುದು ಅಂಟು. ಅಂಟು ಒಣಗುವವರೆಗೆ ಬಿಗಿಹಿಡಿಯುವುದೂ, ಮುಂದೆ ಬಾಗಿಲು ಬಡಿದಾಗ ಅಂಚು ಏಳದಂತೆ ಕಾಯುವುದೂ ರಿವೆಟ್ಟಿನ ಕೆಲಸ. ಎರಡರಲ್ಲಿ ಒಂದನ್ನು ಬಿಟ್ಟು ಉಳಿತಾಯ ಮಾಡಬಾರದು. ರಾತ್ರಿ ಬೆಳಗಾಗುವವರೆಗೆ ಮುಟ್ಟದೆ ಬಿಡಬೇಕು.

ಕೆಳ ಮಡಿಕೆಯೇ ಹೋಗಿದ್ದರೆ ಕೆಲಸ ಸ್ವಲ್ಪ ಕಷ್ಟ. ಹೊರತಗಡನ್ನು ಕೊಳೆತದ ಮೇಲಕ್ಕೆ ನೇರ ಗೆರೆಯಲ್ಲಿ ಕತ್ತರಿಸಿ ತೆಗೆದು, ಒಳತಗಡಿನ ಅಂಚು ಗಟ್ಟಿಯಿದೆಯೇ ಎಂದು ಮೊದಲು ನೋಡಬೇಕು. ಗಟ್ಟಿಯಿದ್ದರೆ ಜಿ.ಐ. ಪಟ್ಟಿಯೊಂದರ ಕೆಳಗಿನ ಅರ್ಧ ಅಂಗುಲವನ್ನು ಎರಡು ಮರದ ಪಟ್ಟಿಗಳ ನಡುವೆ ಹಿಡಿದು ಮಡಿಚಿ, ಅಂಟು ಬಳಿದು, ಒಳತಗಡಿನ ಅಂಚಿಗೆ ಸಿಕ್ಕಿಸಿ ಮರದ ಸುತ್ತಿಗೆಯಿಂದ ಮುಚ್ಚಬೇಕು. ಮೇಲಂಚನ್ನು ಹಿಂದಿನಂತೆ ರಿವೆಟ್ ಮಾಡಬೇಕು. ಒಳತಗಡಿನ ಅಂಚೂ ಕೊಳೆತು ಹೋಗಿದ್ದರೆ ಅದು ಟಿಂಕರರ ಕೆಲಸವೆಂದು ಬಿಡುವುದು ಜಾಣತನ. ಮಡಿಕೆಗೆ ಅಂಟು ಹಾಕುವಾಗ ತಳದ ರಂಧ್ರಗಳು ಮುಚ್ಚಿಹೋಗದಂತೆ ಅವುಗಳಲ್ಲಿ ಎಣ್ಣೆ ಸವರಿದ ಕಡ್ಡಿ ಸಿಕ್ಕಿಸಿಟ್ಟು, ಅಂಟು ಅರೆಗಟ್ಟಿಯಾದಾಗ ಎಳೆದು ತೆಗೆಯಬೇಕು.

ಪುಟ್ಟಿ ಮತ್ತು ಬಣ್ಣ

ಪುಟ್ಟಿಯ ಕೆಲಸ ತೂತು ಮುಚ್ಚುವುದಲ್ಲ, ಮೇಲ್ಮೈ ಸಮಮಾಡುವುದು. ಸಾಮಾನ್ಯ ಪುಟ್ಟಿ ತೇವ ಹೀರುತ್ತದೆ. ಅದರ ಹಿಂದೆ ನೀರು ಬಾರದ ಗಟ್ಟಿ ತೇಪೆ ಇರಬೇಕು, ಮುಂದೆ ಬಣ್ಣ ಇರಬೇಕು. ದಪ್ಪ 2–3 ಮಿ.ಮೀ. ಮೀರಬಾರದು. ಪುಟ್ಟಿಯನ್ನು ಉಜ್ಜಿದ ಬರಿಯ ಲೋಹದ ಮೇಲೆ ಅಥವಾ ಎಪಾಕ್ಸಿಯ ಮೇಲೆ ಹಚ್ಚಬೇಕು. ತುಕ್ಕು ಹಿಡಿಯದಿರಲೆಂದು ಮೊದಲೇ ರೆಡ್ ಆಕ್ಸೈಡ್ ಬಳಿದು ಅದರ ಮೇಲೆ ಪಾಲಿಯೆಸ್ಟರ್ ಪುಟ್ಟಿ ಹಚ್ಚಿದರೆ ಕೆಳಗಿನ ಬಣ್ಣ ಸುಕ್ಕುಗಟ್ಟಿ ಎದ್ದುಬರುತ್ತದೆ. ಒಣಗಿದ ಪುಟ್ಟಿಯನ್ನು ಒಣ ಎಮರಿಯಿಂದಲೇ ಉಜ್ಜಬೇಕು, ನೀರು ಹಾಕಿ ಉಜ್ಜಬಾರದು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿದರೆ ಸಾಲದು. ಧೂಳು ತಡೆಯುವ ಮಾಸ್ಕ್ ಬೇಕು, ಏಕೆಂದರೆ ಗಾಜಿನ ನಾರಿನ ಧೂಳು ಬಲು ಸೂಕ್ಷ್ಮ.

ಪುಟ್ಟಿ ಉಜ್ಜಿದ ದಿನವೇ ಪ್ರೈಮರ್ ಬಳಿಯಬೇಕು. ತೆಳುವಾಗಿ ಎರಡು ಸಲ, ನಡುವೆ ಒಣಗಲು ಬಿಟ್ಟು. ಅದರ ಮೇಲೆ ಎನಾಮೆಲ್ ಬಣ್ಣ ಎರಡು ಸಲ. ಹಳೆಯ ಎನಾಮೆಲ್ಲಿನ ಮೇಲೆ ಎನ್.ಸಿ. ಬಣ್ಣ ಹೊಡೆದರೆ ಅದರ ಥಿನ್ನರಿನ ಬಿರುಸಿಗೆ ಕೆಳಪದರ ಏಳುತ್ತದೆ. ಬಣ್ಣ ಹೊಂದದಿದ್ದರೆ ಚಿಂತೆಯಿಲ್ಲ, ತೋಟದ ಗಾಡಿ ಮೆರವಣಿಗೆಗೆ ಹೋಗುವುದಿಲ್ಲ.

ಒಳಭಾಗವನ್ನು ಮರೆಯಬಾರದು

ಹೊರಗೆ ಬಣ್ಣ ಹೊಳೆದ ಕೂಡಲೇ ಒಳಹಲಗೆ ಮುಚ್ಚಿ ಕೆಲಸ ಮುಗಿಸುವುದೇ ಎಲ್ಲರ ಅಭ್ಯಾಸ. ತುಕ್ಕು ಒಳಗಿನಿಂದ ಬಂದದ್ದೆಂಬುದನ್ನು ನೆನೆದು, ಕಂಡಿಗಳ ಮೂಲಕ ಬಾಗಿಲಿನ ಒಳತಳಕ್ಕೆ, ತೇಪೆಯ ಹಿಂಬದಿಗೆ, ರಿವೆಟ್ಟಿನ ಬಾಲಗಳಿಗೆ ಪ್ರೈಮರ್ ಬಳಿಯಬೇಕು. ಅದು ಚೆನ್ನಾಗಿ ಒಣಗಿದ ಮೇಲೆ ಮೇಣದ ಅಂಶವಿರುವ ತುಕ್ಕು ನಿರೋಧಕ ಎಣ್ಣೆಯನ್ನು ಮಡಿಕೆಯುದ್ದಕ್ಕೂ ಸಿಂಪಡಿಸಬೇಕು. ಹಳೆಯ ಇಂಜಿನ್ ಆಯಿಲ್ ಸುರಿಯುವ ಪದ್ಧತಿ ಹಲವು ಕಡೆ ಇದೆ. ಅದು ರಬ್ಬರ್ ಪಟ್ಟಿಗಳನ್ನು ಉಬ್ಬಿಸಿ ಕೆಡಿಸುತ್ತದೆ, ಚರ್ಮಕ್ಕೆ ಹಾನಿಕರ, ತೊಟ್ಟಿಕ್ಕಿ ಅಂಗಳದ ಮಣ್ಣನ್ನೂ ಬಾವಿಯ ನೀರನ್ನೂ ಕೆಡಿಸುತ್ತದೆ. ಎಣ್ಣೆ ಹಾಕಿದ ಮೇಲೆ ರಂಧ್ರಗಳನ್ನು ಮತ್ತೊಮ್ಮೆ ಕಡ್ಡಿಯಿಂದ ಬಿಡಿಸಿ, ಪ್ಲಾಸ್ಟಿಕ್ ಹಾಳೆಯನ್ನು ಮೊದಲಿನಂತೆ ಅಂಟಿಸಿ ಹಲಗೆ ಕೂರಿಸಬೇಕು. ಹಾಳೆಯ ಕೆಳತುದಿ ಬಾಗಿಲಿನೊಳಕ್ಕೆ ಇಳಿದಿರಬೇಕು, ಹಲಗೆಯ ಕಡೆಗಲ್ಲ. ತಪ್ಪಿದರೆ ನೀರು ಗಾಡಿಯ ನೆಲಕ್ಕೆ ಬರುತ್ತದೆ. ಗಾಜಿನ ಬುಡದ ರಬ್ಬರ್ ಸೀಳಿದ್ದರೆ ಇದೇ ಸಮಯದಲ್ಲಿ ಬದಲಿಸುವುದು ಒಳ್ಳೆಯದು. ಬೆಲೆ ಹೆಚ್ಚಲ್ಲ.

ದುರಸ್ತಿಯಾದ ಬಾಗಿಲನ್ನು ವರ್ಷಕ್ಕೆ ಎರಡು ಸಲ ನೋಡಿದರೆ ಸಾಕು. ಮುಂಗಾರಿಗೆ ಮೊದಲೊಮ್ಮೆ ರಂಧ್ರ ಬಿಡಿಸಿ ಚೊಂಬಿನ ನೀರು ಹೊಯ್ದು ಪರೀಕ್ಷಿಸಬೇಕು. ಇನ್ನೊಮ್ಮೆ ಆಯುಧಪೂಜೆಗೆ ಗಾಡಿ ತೊಳೆಯುವ ದಿನ. ಅಂದು ಕುಂಕುಮ ಹೂವು ಏರಿಸುವ ಮೊದಲು ಬಾಗಿಲಿನ ಕೆಳಮಡಿಕೆಯ ಉದ್ದಕ್ಕೂ ಬೆರಳಾಡಿಸಿ, ತೇಪೆಯ ಅಂಚಿನಲ್ಲಿ ಗುಳ್ಳೆ ಎದ್ದಿದೆಯೇ ಎಂದು ನೋಡಬೇಕು. ಎದ್ದಿದ್ದರೆ ಅಷ್ಟನ್ನೇ ಕೆರೆದು, ಒಣಗಿಸಿ, ಎಪಾಕ್ಸಿ ಮತ್ತು ಪ್ರೈಮರ್ ಹಚ್ಚಿದರೆ ಅರ್ಧ ದಿನದ ಕೆಲಸ. ಉಳಿದ ರಾಳ, ಹಾರ್ಡನರ್ ಡಬ್ಬಿಗಳನ್ನು ಬಿಗಿಯಾಗಿ ಮುಚ್ಚಿ, ಬಿಸಿಲು ತಾಗದ ತಂಪು ಜಾಗದಲ್ಲಿ ಬೇರೆ ಬೇರೆಯಾಗಿ ಇಡಬೇಕು.